ನುಂಗಿದ ಮಾತ್ರೆ ಎಲ್ಲಿಗೆ ಹೋಗುತ್ತದೆ?

ವೈದ್ಯರು ಬರೆದುಕೊಟ್ಟ ಚೀಟಿಯನ್ನು ಒಮ್ಮೆ ಕೈಗೆ ತೆಗೆದುಕೊಂಡು ನೋಡಿ. ಮಾತ್ರೆಯ ಹೆಸರಿನ ಮುಂದೆ 1-0-1 ಎಂದೋ 1-1-1 ಎಂದೋ ಬರೆದಿರುತ್ತದೆ. ಪಕ್ಕದಲ್ಲಿ ಊಟಕ್ಕೆ ಮುಂಚೆ ಅಥವಾ ಊಟದ ನಂತರ ಎಂಬ ಸೂಚನೆ. ಕೊನೆಗೆ 5 ದಿನ, 1 ತಿಂಗಳು ಎಂಬ ಅವಧಿ. ಮಾತ್ರೆಯ ಹೆಸರನ್ನು ನಾವು ಜೋಪಾನವಾಗಿ ಓದಿಸಿ, ಅದನ್ನೇ ಕೊಂಡು ತರುತ್ತೇವೆ. ಅದರ ಮುಂದಿನ ಅಂಕಿಗಳನ್ನು ಮಾತ್ರ ಮನೆಗೆ ಬಂದ ಮೇಲೆ ನಮ್ಮ ಅನುಕೂಲಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತೇವೆ. ಬೆಳಗಿನದು ಮರೆತರೆ ರಾತ್ರಿ ಎರಡು ನುಂಗುವುದು, ಜ್ವರ ಇಳಿದೊಡನೆ ನಿಲ್ಲಿಸಿಬಿಡುವುದು, ಉಳಿದ ಮಾತ್ರೆಗಳನ್ನು ಡಬ್ಬಿಯಲ್ಲಿಟ್ಟು ಮುಂದಿನ ಸಲ ಮನೆಯ ಇನ್ನೊಬ್ಬರಿಗೆ ಕೊಡುವುದು, ಬಿಸಿ ಕಾಫಿಯ ಜೊತೆಗೇ ಗುಳಿಗೆ ಬಾಯಿಗೆ ಹಾಕಿಕೊಳ್ಳುವುದು, ಇವೆಲ್ಲ ಯಾವ ಮನೆಯಲ್ಲಿ ಇಲ್ಲ?

ಆದರೆ ಆ ಅಂಕಿಗಳು ವೈದ್ಯರ ಮನಸ್ಸಿಗೆ ತೋಚಿದಂತೆ ಬರೆದವಲ್ಲ. ಆ ಮದ್ದು ರಕ್ತಕ್ಕೆ ಎಷ್ಟು ಬೇಗ ಸೇರುತ್ತದೆ, ಎಷ್ಟು ಹೊತ್ತು ಅಲ್ಲಿ ಉಳಿಯುತ್ತದೆ, ಯಾವ ದಾರಿಯಿಂದ ಹೊರಗೆ ಹೋಗುತ್ತದೆ ಎಂಬ ಲೆಕ್ಕ ಅವುಗಳ ಹಿಂದೆ ಇದೆ. ಆ ಲೆಕ್ಕದ ಸ್ಥೂಲ ಪರಿಚಯವಿದ್ದರೆ ವೈದ್ಯರ ಸೂಚನೆಗಳು ಬರೀ ಆಜ್ಞೆಗಳಾಗಿ ಉಳಿಯದೆ ಅರ್ಥವಾಗುವ ಮಾತುಗಳಾಗುತ್ತವೆ. ಈ ವಾರ ಒಂದು ಮಾತ್ರೆಯ ಬೆನ್ನು ಹಿಡಿದು ಹೋಗಿ ನೋಡೋಣ.

ಬಾಯಿಯಿಂದ ಕರುಳಿಗೆ

ಮಾತ್ರೆ ಮೊದಲು ಇಳಿಯಬೇಕಾದದ್ದು ಅನ್ನನಾಳದಲ್ಲಿ. ಇದು ನಯವಾದ ಕೊಳವೆಯಂತೆ ತೋರಿದರೂ ಒಂದು ಗುಟುಕು ನೀರಿನಲ್ಲಿ ನುಂಗಿದ ಮಾತ್ರೆ ಅಲ್ಲೇ ಅಂಟಿಕೊಂಡು ನಿಲ್ಲುವುದುಂಟು. ಡಾಕ್ಸಿಸೈಕ್ಲಿನ್‌ನಂಥ ಔಷಧಗಳು ಹೀಗೆ ಅಂಟಿಕೊಂಡರೆ ಅಲ್ಲಿ ಹುಣ್ಣಾಗಿ, ಎದೆಯಲ್ಲಿ ಉರಿ, ನುಂಗುವಾಗ ನೋವು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಮಾತ್ರೆಯನ್ನು ಕುಳಿತು ಅಥವಾ ನಿಂತು, ಒಂದು ಲೋಟ ತುಂಬ ನೀರಿನ ಜೊತೆ ನುಂಗಬೇಕು. ನುಂಗಿದ ಕೂಡಲೇ ಹಾಸಿಗೆಗೆ ಒರಗಬಾರದು.

ಜಠರದಲ್ಲಿ ಮಾತ್ರೆ ಒಡೆದು ಪುಡಿಯಾಗಿ ಕರಗತೊಡಗುತ್ತದೆ. ಆದರೆ ಬಹುಪಾಲು ಔಷಧಗಳು ರಕ್ತಕ್ಕೆ ಸೇರುವುದು ಅಲ್ಲಿಂದ ಮುಂದಿನ ಸಣ್ಣ ಕರುಳಿನಲ್ಲಿ. ಅದರ ಒಳಗೋಡೆ ಮಡಿಕೆ ಮಡಿಕೆಯಾಗಿದ್ದು, ಮಡಿಕೆಗಳ ಮೇಲೆ ಮಖಮಲ್ಲಿನಂತೆ ಕೋಟ್ಯಂತರ ಸೂಕ್ಷ್ಮ ಬೆರಳುಗಳಿವೆ. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 30 ಚದರ ಮೀಟರ್, ಅಂದರೆ 20 ಅಡಿಗೆ 15 ಅಡಿಯ ಒಂದು ಕೋಣೆಯ ನೆಲದಷ್ಟು ವಿಸ್ತಾರ. ಇಷ್ಟು ದೊಡ್ಡ ಅಂಗಳದಲ್ಲಿ ಹರಡಿಕೊಳ್ಳುವುದರಿಂದಲೇ ಔಷಧ ಬೇಗ ರಕ್ತಕ್ಕೆ ಇಳಿಯುತ್ತದೆ.

ಈ ಹಂತದಲ್ಲಿ ಜೊತೆಗಿರುವ ಆಹಾರದ ಪ್ರಶ್ನೆ ಬರುತ್ತದೆ. ಥೈರಾಯ್ಡ್ ಗ್ರಂಥಿ ಸೋತವರು ತೆಗೆದುಕೊಳ್ಳುವ ಥೈರಾಕ್ಸಿನ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಆ ಮೊದಲೇ ಕಾಫಿ ಕುಡಿದರೆ ಮಾತ್ರೆಯ ಒಂದು ಭಾಗ ರಕ್ತಕ್ಕೆ ಸೇರದೆ ವ್ಯರ್ಥವಾಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಾದರೆ 4 ಗಂಟೆಗಳ ಅಂತರವೇ ಬೇಕು. ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್‌ಗಳನ್ನು ಹಾಲಿನ ಜೊತೆ ಕೊಟ್ಟರೆ ಹಾಲಿನ ಕ್ಯಾಲ್ಸಿಯಂ ಅವುಗಳನ್ನು ಹಿಡಿದು ಕಟ್ಟಿಹಾಕುತ್ತದೆ. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆಗೆ ಚಹಾ, ಕಾಫಿ ಶತ್ರು. ನಿಂಬೆಹಣ್ಣಿನ ಪಾನಕ ಮಿತ್ರ. ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳನ್ನು ತಿಂಡಿಗೆ ಅರ್ಧ ಗಂಟೆ ಮುಂಚೆ ತೆಗೆದುಕೊಂಡರೇ ಪೂರ್ಣ ಪ್ರಯೋಜನ. ಇದಕ್ಕೆ ವಿರುದ್ಧವಾಗಿ ನೋವಿನ ಮಾತ್ರೆಗಳಲ್ಲಿ ಹಲವು ಬರಿಹೊಟ್ಟೆಯನ್ನು ಕೆರಳಿಸುವುದರಿಂದ ಅವುಗಳನ್ನು ಊಟದ ನಂತರವೇ ತೆಗೆದುಕೊಳ್ಳಬೇಕು.

ಹಲ್ಲಿಲ್ಲದ ಹಿರಿಯರಿಗೆ ನುಂಗಲು ಕಷ್ಟವೆಂದು ಮಾತ್ರೆಯನ್ನು ಕುಟ್ಟಿ ಪುಡಿಮಾಡಿ ಕೊಡುವ ರೂಢಿ ನಮ್ಮಲ್ಲಿದೆ. ಎಲ್ಲ ಮಾತ್ರೆಗಳಿಗೂ ಇದು ಸಲ್ಲದು. ಕೆಲವು ಮಾತ್ರೆಗಳಿಗೆ ಜಠರದ ಆಮ್ಲದಲ್ಲಿ ಕರಗದ ಹೊದಿಕೆ ಇರುತ್ತದೆ. ಹೊದಿಕೆ ಒಡೆದರೆ ಔಷಧ ಆಮ್ಲದಲ್ಲೇ ನಾಶವಾಗುತ್ತದೆ. ಇನ್ನು ಕೆಲವು 12 ಅಥವಾ 24 ಗಂಟೆಗಳ ಕಾಲ ನಿಧಾನವಾಗಿ ಮದ್ದು ಬಿಡುವಂತೆ ತಯಾರಾದವು. ಹೆಸರಿನ ಕೊನೆಯಲ್ಲಿ ಎಸ್‌ಆರ್, ಎಕ್ಸ್‌ಆರ್, ಇಆರ್ ಎಂಬ ಅಕ್ಷರಗಳಿದ್ದರೆ ಅದು ಈ ಜಾತಿಯದು. ಇಂಥದನ್ನು ಕುಟ್ಟಿ ಕೊಟ್ಟರೆ ಇಡೀ ದಿನಕ್ಕೆ ಹಂಚಬೇಕಾದ ಮದ್ದು ಒಂದೇ ಸಲಕ್ಕೆ ರಕ್ತಕ್ಕೆ ನುಗ್ಗುತ್ತದೆ. ನುಂಗಲಾಗದವರಿದ್ದರೆ ಅದನ್ನು ವೈದ್ಯರಿಗೆ ಹೇಳಿ; ದ್ರವರೂಪದ ಔಷಧವೋ ಬೇರೆ ಮಾತ್ರೆಯೋ ಸಾಮಾನ್ಯವಾಗಿ ಸಿಗುತ್ತದೆ.

ಯಕೃತ್ತೆಂಬ ಸುಂಕದ ಕಟ್ಟೆ

ಕರುಳಿನಿಂದ ರಕ್ತಕ್ಕೆ ಸೇರಿದ ಔಷಧ ನೇರವಾಗಿ ದೇಹವನ್ನೆಲ್ಲ ಸುತ್ತುವುದಿಲ್ಲ. ಕರುಳಿನ ರಕ್ತವೆಲ್ಲ ಮೊದಲು ಯಕೃತ್ತಿಗೆ, ಅಂದರೆ ಲಿವರ್‌ಗೆ ಹೋಗಬೇಕು. ಹಿಂದೆ ಊರ ಬಾಗಿಲಲ್ಲಿದ್ದ ಸುಂಕದ ಕಟ್ಟೆಯಂತೆ ಯಕೃತ್ತು ಒಳಬರುವ ಪ್ರತಿಯೊಂದನ್ನೂ ತಡೆದು ಪರೀಕ್ಷಿಸುತ್ತದೆ. ತನ್ನ ಕಿಣ್ವಗಳಿಂದ ಔಷಧದ ಒಂದು ಪಾಲನ್ನು ಒಡೆದುಹಾಕಿ ಉಳಿದದ್ದನ್ನು ಮಾತ್ರ ಮುಂದಕ್ಕೆ ಬಿಡುತ್ತದೆ. ಕೆಲವು ಔಷಧಗಳಿಗೆ ಇಲ್ಲಿ ಸುಂಕ ಎಷ್ಟು ಭಾರಿಯೆಂದರೆ ನುಂಗಿದ್ದರಲ್ಲಿ ಬಹುಪಾಲು ಇಲ್ಲೇ ಕಳೆದುಹೋಗುತ್ತದೆ.

ಎದೆನೋವಿನವರು ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಮಾತ್ರೆಯ ಗುಟ್ಟು ಇದೇ. 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರ‍್ರೆಲ್ ಹೃದಯಶೂಲೆಗೆ ನೈಟ್ರೋಗ್ಲಿಸರಿನ್ ಉಪಯುಕ್ತವೆಂದು ವರದಿ ಮಾಡಿದರು. ಡೈನಮೈಟಿನಲ್ಲಿ ಸಿಡಿಯುವುದೂ ಇದೇ ವಸ್ತು. ಡೈನಮೈಟ್ ಕಂಡುಹಿಡಿದ ಆಲ್‌ಫ್ರೆಡ್ ನೊಬೆಲ್ ಅವರಿಗೂ ಕೊನೆಯ ದಿನಗಳಲ್ಲಿ ವೈದ್ಯರು ಇದನ್ನೇ ಸೂಚಿಸಿದ್ದರು. ಈ ಮದ್ದನ್ನು ನುಂಗಿದರೆ ಯಕೃತ್ತು ಅದನ್ನು ಬಹುಮಟ್ಟಿಗೆ ನಾಶಮಾಡುತ್ತದೆ. ನಾಲಿಗೆಯ ಕೆಳಗಿಟ್ಟರೆ ಅಲ್ಲಿನ ತೆಳುಪೊರೆಯ ಮೂಲಕ ರಕ್ತಕ್ಕೆ ಸೇರಿ, ಸುಂಕದ ಕಟ್ಟೆಯನ್ನು ಬಳಸಿಕೊಂಡು ಕೆಲವೇ ನಿಮಿಷಗಳಲ್ಲಿ ಹೃದಯವನ್ನು ಮುಟ್ಟುತ್ತದೆ. ಆದ್ದರಿಂದ ನಿಮ್ಮ ಮನೆಯಲ್ಲಿ ಹೃದಯರೋಗಿ ಇದ್ದರೆ ಈ ಮಾತ್ರೆಯನ್ನು ನುಂಗಬಾರದು, ಕುಳಿತುಕೊಂಡು ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು ಎಂಬುದು ಮನೆಮಂದಿಗೆಲ್ಲ ತಿಳಿದಿರಲಿ. 5 ನಿಮಿಷದಲ್ಲಿ ನೋವು ಶಮನವಾಗದಿದ್ದರೆ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಇನ್ಸುಲಿನ್ ಒಂದು ಪ್ರೋಟೀನು. ನುಂಗಿದರೆ ಬೇಳೆಯಂತೆಯೇ ಜೀರ್ಣವಾಗಿ ಹೋಗುತ್ತದೆ. ಹಾಗಾಗಿ 1922ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ಬಾರಿಗೆ ರೋಗಿಗೆ ಕೊಟ್ಟಾಗಲೂ ಚುಚ್ಚಿಯೇ ಕೊಟ್ಟರು. ಹಾಗೆಂದು ಚುಚ್ಚುಮದ್ದು ಯಾವಾಗಲೂ ಮಾತ್ರೆಗಿಂತ ಶಕ್ತಿಶಾಲಿ ಎಂದು ತಿಳಿಯಬೇಡಿ. ಕರುಳಿನಿಂದ ಚೆನ್ನಾಗಿ ಹೀರಲ್ಪಡುವ ಔಷಧವಾದರೆ, ರೋಗಿಗೆ ವಾಂತಿ ಇಲ್ಲದೆ ಪ್ರಜ್ಞೆ ಇದ್ದರೆ, ಮಾತ್ರೆಯೇ ಸಾಕು. "ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ" ಎಂದು ನಾವಾಗಿ ಒತ್ತಾಯಿಸುವುದರಲ್ಲಿ ಅರ್ಥವಿಲ್ಲ.

ಉಬ್ಬಸದವರ ಇನ್‌ಹೇಲರ್ ಬಗ್ಗೆಯೂ ಇಂಥದೇ ತಪ್ಪು ಕಲ್ಪನೆ ಇದೆ. ಅದು ಬಹಳ ಜೋರು ಮದ್ದು, ಮಕ್ಕಳಿಗೆ ಬೇಡ, ಮಾತ್ರೆಯೇ ಇರಲಿ ಎನ್ನುವ ತಾಯಂದಿರಿದ್ದಾರೆ. ಲೆಕ್ಕ ನೋಡಿ: ಸಾಲ್ಬುಟಮಾಲ್ ಇನ್‌ಹೇಲರನ್ನು ಒಮ್ಮೆ ಒತ್ತಿದರೆ ಹೊರಬರುವುದು 100 ಮೈಕ್ರೋಗ್ರಾಂ. ಅದೇ ಔಷಧದ ದೊಡ್ಡ ಮಾತ್ರೆಯಲ್ಲಿ 4 ಮಿಲಿಗ್ರಾಂ, ಅಂದರೆ 40 ಪಟ್ಟು. ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಅಷ್ಟು ಕಡಿಮೆ ಮದ್ದು ಸಾಕಾಗುತ್ತದೆ, ಕೈನಡುಕ, ಎದೆಬಡಿತ ಕಡಿಮೆ.

ಬೀಗ ಮತ್ತು ಬೀಗದಕೈ

ತಲೆನೋವಿನ ಮಾತ್ರೆಗೆ ತಲೆ ಎಲ್ಲಿದೆಯೆಂದು ಹೇಗೆ ಗೊತ್ತಾಗುತ್ತದೆ ಎಂದು ಮಕ್ಕಳು ಕೇಳುವುದುಂಟು. ಉತ್ತರ ಸರಳ. ಅದಕ್ಕೆ ಗೊತ್ತಿಲ್ಲ. ರಕ್ತಕ್ಕೆ ಸೇರಿದ ಔಷಧ ರಕ್ತ ಹರಿಯುವಲ್ಲೆಲ್ಲ ಹೋಗುತ್ತದೆ. ಎಲ್ಲಿ ಅದಕ್ಕೆ ಹೊಂದುವ ಬೀಗವಿದೆಯೋ ಅಲ್ಲಿ ಮಾತ್ರ ಅದರ ಕೆಲಸ ನಡೆಯುತ್ತದೆ.

ಜೀವಕೋಶಗಳ ಮೇಲಿರುವ ಈ ಬೀಗಗಳಿಗೆ ಗ್ರಾಹಕಗಳೆಂದು ಹೆಸರು. 20ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಜಾನ್ ಲ್ಯಾಂಗ್ಲಿ, ಜರ್ಮನಿಯ ಪಾಲ್ ಎರ್ಲಿಕ್ ಈ ವಿಚಾರವನ್ನು ಮುಂದಿಟ್ಟರು. ದೇಹದಲ್ಲಿ ತಾನಾಗಿ ಹುಟ್ಟುವ ಅಡ್ರಿನಲಿನ್‌ನಂಥ ರಾಸಾಯನಿಕಗಳು ಈ ಬೀಗಗಳ ನಿಜವಾದ ಕೈಗಳು. ಕೆಲವು ಔಷಧಗಳು ಆ ಕೈಯನ್ನೇ ಅನುಕರಿಸಿ ಬೀಗ ತೆರೆಯುತ್ತವೆ. ಸಾಲ್ಬುಟಮಾಲ್ ಶ್ವಾಸನಾಳಗಳನ್ನು ಸಡಿಲಿಸುವುದು ಹೀಗೆ. ಇನ್ನು ಕೆಲವು ಬೀಗದ ತೂತಿನಲ್ಲಿ ಸುಮ್ಮನೆ ಕುಳಿತು ನಿಜವಾದ ಕೈ ಒಳಹೋಗದಂತೆ ತಡೆಯುತ್ತವೆ. 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ರೂಪಿಸಿದ ಪ್ರೊಪ್ರನೊಲಾಲ್ ಈ ಬಗೆಯದು. ಅದು ಅಡ್ರಿನಲಿನ್ ಅನ್ನು ಹೊರಗಿಟ್ಟು ಹೃದಯದ ಬಡಿತವನ್ನು ತಗ್ಗಿಸುತ್ತದೆ. ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಗ್ರಾಹಕಗಳ ತಂಟೆಗೆ ಹೋಗದೆ ಕಿಣ್ವಗಳನ್ನು ತಡೆಯುವ ಔಷಧಗಳೂ ಇವೆ. ಆಸ್ಪಿರಿನ್ 1899ರಿಂದ ಮಾರುಕಟ್ಟೆಯಲ್ಲಿದ್ದರೂ ಅದು ಕೆಲಸ ಮಾಡುವ ಬಗೆಯನ್ನು ಜಾನ್ ವೇನ್ ವಿವರಿಸಿದ್ದು 1971ರಲ್ಲಿ. ನೋವು, ಊತಗಳಿಗೆ ಕಾರಣವಾಗುವ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವಿನ ತಯಾರಿಕೆಯನ್ನು ಅದು ನಿಲ್ಲಿಸುತ್ತದೆ. ತೊಂದರೆಯೆಂದರೆ, ಜಠರದ ಒಳಪೊರೆಯನ್ನು ಆಮ್ಲದಿಂದ ಕಾಪಾಡುವುದೂ ಅದೇ ಪ್ರೊಸ್ಟಾಗ್ಲಾಂಡಿನ್. ಮಂಡಿನೋವು ಕಡಿಮೆಯಾದಾಗಲೇ ಹೊಟ್ಟೆಯಲ್ಲಿ ಹುಣ್ಣಾಗಲು ಕಾರಣ ಇದು.

ಅಡ್ಡ ಪರಿಣಾಮವೆಂದು ನಾವು ಕರೆಯುವುದರಲ್ಲಿ ಬಹಳಷ್ಟು ಹೀಗೆಯೇ ಹುಟ್ಟುತ್ತದೆ. ಒಂದೇ ಬೀಗ ದೇಹದ ಹಲವು ಕಡೆ ಇರುತ್ತದೆ. ನೆಗಡಿಯ ಕ್ಲೋರ್‌ಫೆನಿರಮಿನ್ ಮೂಗಿನ ಸೋರಿಕೆಯನ್ನು ತಡೆಯುವ ಜೊತೆಗೆ ಮಿದುಳಿಗೂ ಹೋಗಿ ಅಲ್ಲಿನ ಅದೇ ಬೀಗವನ್ನು ಮುಚ್ಚುತ್ತದೆ. ಹಾಗಾಗಿ ತೂಕಡಿಕೆ. ಅದನ್ನು ನುಂಗಿ ಸ್ಕೂಟರ್ ಏರುವುದು ಅಪಾಯ. ಮಿದುಳಿಗೆ ಅಷ್ಟಾಗಿ ನುಸುಳದ ಫೆಕ್ಸೊಫೆನಡಿನ್‌ನಂಥ ಮಾತ್ರೆಗಳಲ್ಲಿ ಈ ತೊಂದರೆ ಕಡಿಮೆ.

ತಾಯಿಯ ರಕ್ತದಲ್ಲಿರುವ ಔಷಧ ಗರ್ಭದ ಶಿಶುವಿಗೂ ತಲುಪಬಹುದು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದು, ಬಸುರಿಯರ ವಾಕರಿಕೆಗೂ ಬಳಕೆಯಾದ ಥಾಲಿಡೋಮೈಡ್‌ನಿಂದ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲುಗಳ ಊನದೊಂದಿಗೆ ಹುಟ್ಟಿದರು. 1961ರಲ್ಲಿ ಅದನ್ನು ಅಲ್ಲಿ ಹಿಂತೆಗೆದುಕೊಳ್ಳಲಾಯಿತು. ಗರ್ಭಿಣಿಯರು ಸಣ್ಣ ಮಾತ್ರೆಗೂ ವೈದ್ಯರನ್ನು ಕೇಳಬೇಕೆನ್ನುವುದು ಇದೇ ಕಾರಣಕ್ಕೆ.

ತೂತಿರುವ ತೊಟ್ಟಿಯ ಲೆಕ್ಕ

ಈಗ 1-0-1ರ ಲೆಕ್ಕಕ್ಕೆ ಬರೋಣ. ನಿಮ್ಮ ಮನೆಯ ನೀರಿನ ತೊಟ್ಟಿಯ ತಳದಲ್ಲಿ ಒಂದು ಸಣ್ಣ ತೂತಿದೆ ಎಂದುಕೊಳ್ಳಿ. ನೀರು ಸದಾ ಸೋರುತ್ತಿರುತ್ತದೆ. ತೊಟ್ಟಿಯೊಳಗೆ ಎರಡು ಗೆರೆಗಳಿವೆ. ನೀರು ಕೆಳಗಿನ ಗೆರೆಗಿಂತ ಇಳಿದರೆ ಉಪಯೋಗವಿಲ್ಲ, ಮೇಲಿನ ಗೆರೆಯನ್ನು ದಾಟಿದರೆ ಅಪಾಯ. ನಡುವೆ ಇರುವಂತೆ ಆಗಾಗ ಒಂದೊಂದು ಕೊಡ ಸುರಿಯಬೇಕು. ರಕ್ತದಲ್ಲಿರುವ ಔಷಧದ ಕಥೆಯೂ ಇಷ್ಟೇ. ಯಕೃತ್ತು ಅದನ್ನು ಒಡೆಯುತ್ತಲೂ ಮೂತ್ರಪಿಂಡಗಳು ಹೊರಹಾಕುತ್ತಲೂ ಇರುತ್ತವೆ. ನಾವು ನುಂಗುವ ಒಂದೊಂದು ಮಾತ್ರೆಯೂ ಒಂದು ಕೊಡ.

ತೂತು ಎಷ್ಟು ದೊಡ್ಡದು ಎಂಬುದನ್ನು ಅಳೆಯಲು ಅರ್ಧಾಯು ಎಂಬ ಮಾತಿದೆ. ರಕ್ತದಲ್ಲಿರುವ ಮದ್ದು ಅರ್ಧಕ್ಕೆ ಇಳಿಯಲು ಬೇಕಾಗುವ ಸಮಯವೇ ಅರ್ಧಾಯು. ಪ್ಯಾರಾಸಿಟಮಾಲ್‌ಗೆ ಇದು 2ರಿಂದ 3 ಗಂಟೆ. ಎರಡೂವರೆ ಗಂಟೆಯೆಂದು ಹಿಡಿದರೆ, ದೇಹದಲ್ಲಿರುವ 650 ಮಿಲಿಗ್ರಾಂ ಎರಡೂವರೆ ಗಂಟೆಯಲ್ಲಿ 325ಕ್ಕೆ, 5 ಗಂಟೆಯಲ್ಲಿ ಸುಮಾರು 160ಕ್ಕೆ ಇಳಿಯುತ್ತದೆ. ಆರು ಗಂಟೆ ಕಳೆಯುವ ಹೊತ್ತಿಗೆ ಜ್ವರ ಮತ್ತೆ ತಲೆಯೆತ್ತುವುದು ಮದ್ದು ನಾಟದ್ದರಿಂದಲ್ಲ, ಅದು ಸೋರಿಹೋದದ್ದರಿಂದ.

ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್‌ನ ಅರ್ಧಾಯು ಸುಮಾರು ಒಂದೇ ಗಂಟೆ. ಅದು ರೋಗಾಣುಗಳನ್ನು ಕೊಲ್ಲುವುದು ಕೆಳಗಿನ ಗೆರೆಯ ಮೇಲಿರುವಷ್ಟು ಹೊತ್ತು ಮಾತ್ರ. ಹಾಗಾಗಿ ಮೂರು ಹೊತ್ತು ಎಂದರೆ ಸಾಧ್ಯವಾದಷ್ಟೂ 8 ಗಂಟೆಗಳ ಅಂತರವಿರಬೇಕು. ಬೆಳಗಿನದು ಮರೆತು ರಾತ್ರಿ ಎರಡನ್ನು ಒಟ್ಟಿಗೆ ನುಂಗಿದರೆ ಹಗಲೆಲ್ಲ ರೋಗಾಣುಗಳಿಗೆ ಬಿಡುವು ಕೊಟ್ಟಂತೆ.

ಇದಕ್ಕೆ ತದ್ವಿರುದ್ಧ ರಕ್ತದೊತ್ತಡದ ಅಮ್ಲೋಡಿಪಿನ್. ಅದರ ಅರ್ಧಾಯು 30ರಿಂದ 50 ಗಂಟೆ. ದಿನಕ್ಕೊಂದು ಸಾಕು. ಆದರೆ ತೂತು ಸಣ್ಣದಾದ ತೊಟ್ಟಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ದಿನಗಳು ಬೇಕು. ಯಾವ ಔಷಧವಾದರೂ ಹೀಗೆ ಒಂದು ಮಟ್ಟಕ್ಕೆ ನಿಲ್ಲಲು ನಾಲ್ಕೈದು ಅರ್ಧಾಯುಗಳು ಹಿಡಿಯುತ್ತವೆ. ಅಮ್ಲೋಡಿಪಿನ್‌ಗೆ ಅದು ಒಂದು ವಾರಕ್ಕೂ ಮಿಕ್ಕು. ಎರಡು ದಿನ ನುಂಗಿ ಬಿ.ಪಿ. ಇಳಿಯಲಿಲ್ಲವೆಂದು ವೈದ್ಯರನ್ನೇ ಬದಲಾಯಿಸುವುದು ಆತುರದ ಕೆಲಸ. ಇದಕ್ಕಿಂತ ಮೋಸದ ಸಂಗತಿ ಇನ್ನೊಂದಿದೆ. ಮಾತ್ರೆ ನಿಲ್ಲಿಸಿದ ಮಾರನೆಯ ದಿನ ಅಳೆಸಿದರೆ ಒತ್ತಡ ಸರಿಯಾಗಿಯೇ ಇರುತ್ತದೆ. "ನೋಡಿ, ಮಾತ್ರೆ ಬೇಕಾಗಿಯೇ ಇರಲಿಲ್ಲ" ಎಂದು ಸಂತೋಷಪಡುತ್ತೇವೆ. ದೇಹದಲ್ಲಿ ಉಳಿದಿದ್ದ ಮದ್ದು ಇನ್ನೂ ಕೆಲಸ ಮಾಡುತ್ತಿರುತ್ತದೆ. ಅದು ಮುಗಿದ ಮೇಲೆ ಒತ್ತಡ ಸದ್ದಿಲ್ಲದೆ ಮೇಲೇರುತ್ತದೆ.

ಥೈರಾಕ್ಸಿನ್‌ನ ಅರ್ಧಾಯು ಸುಮಾರು 7 ದಿನ. ಪ್ರಮಾಣ ಬದಲಿಸಿದ ಮೇಲೆ 6 ವಾರಗಳ ನಂತರ ರಕ್ತ ಪರೀಕ್ಷೆಗೆ ಬನ್ನಿ ಎನ್ನುವುದು ಇದಕ್ಕೇ.

ಔಷಧ ರಕ್ತದಿಂದ ಮಾಯವಾದರೂ ಅದರ ಪರಿಣಾಮ ಉಳಿಯುವ ಪ್ರಸಂಗಗಳೂ ಇವೆ. ಆಸ್ಪಿರಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು 20 ನಿಮಿಷ ಸಾಕು. ಆದರೆ ಅದು ಮುಟ್ಟಿದ ಪ್ಲೇಟ್‌ಲೆಟ್ ಕಣಗಳು ತಮ್ಮ ಆಯುಷ್ಯವಿಡೀ, ಅಂದರೆ 7ರಿಂದ 10 ದಿನ, ಹೆಪ್ಪುಗಟ್ಟುವ ಶಕ್ತಿ ಕಳೆದುಕೊಂಡಿರುತ್ತವೆ. ಹೃದಯಾಘಾತ ತಡೆಯಲು ದಿನಕ್ಕೊಂದು ಚಿಕ್ಕ ಆಸ್ಪಿರಿನ್ ಸಾಕಾಗುವುದು ಹೀಗೆ. ಹಲ್ಲು ಕೀಳಿಸುವ ಮುನ್ನ ಈ ಮಾತ್ರೆಯ ವಿಷಯವನ್ನು ದಂತವೈದ್ಯರಿಗೆ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಥಟ್ಟನೆ ನಿಲ್ಲಿಸಬಾರದ ಔಷಧಗಳೂ ಇವೆ. ಮೂರ್ಛೆರೋಗದ ಮಾತ್ರೆ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಬಹುದು. ಪ್ರೊಪ್ರನೊಲಾಲ್, ಅಟೆನೊಲಾಲ್ ನಿಲ್ಲಿಸಿದರೆ ಹೃದಯಕ್ಕೆ ಹಠಾತ್ ಏಟು ಬೀಳಬಹುದು. ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ. ಇವನ್ನು ವೈದ್ಯರು ಹಂತಹಂತವಾಗಿಯೇ ಇಳಿಸಬೇಕು.

ಎಲ್ಲರ ತೊಟ್ಟಿಯೂ ಒಂದೇ ಅಲ್ಲ

ಪಕ್ಕದ ಮನೆಯವರಿಗೆ ಗುಣವಾದ ಮಾತ್ರೆ ನಮಗೂ ಆಗಲಿ ಎನ್ನುವವರಿಗೆ ಒಂದು ಉದಾಹರಣೆ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರದಲ್ಲಿ ಐಸೋನಿಯಾಜಿಡ್ ಎಂಬ ಔಷಧವನ್ನು ಅಧ್ಯಯನ ಮಾಡಿದಾಗ, ದಕ್ಷಿಣ ಭಾರತದ ರೋಗಿಗಳಲ್ಲಿ ಕೆಲವರ ದೇಹ ಅದನ್ನು ಬೇಗ ಒಡೆಯುತ್ತದೆ, ಅರ್ಧಕ್ಕಿಂತ ಹೆಚ್ಚು ಮಂದಿಯ ದೇಹ ನಿಧಾನವಾಗಿ ಒಡೆಯುತ್ತದೆ ಎಂಬುದು ಕಂಡುಬಂತು. ಇದು ಹುಟ್ಟಿನಿಂದಲೇ ಬಂದ ಗುಣ. ನಿಧಾನವಾಗಿ ಒಡೆಯುವವರಲ್ಲಿ ಕೈಕಾಲು ಜೋಮು ಹಿಡಿಯುವ ನರದ ತೊಂದರೆ ಹೆಚ್ಚು. ಕ್ಷಯದ ಮಾತ್ರೆಗಳ ಜೊತೆ ಬಿ-6 ಜೀವಸತ್ವವನ್ನು ಕೊಡುವುದು ಇದನ್ನು ತಡೆಯಲಿಕ್ಕೆ.

ಪ್ರಾಣಿಗಳಲ್ಲಂತೂ ಈ ವ್ಯತ್ಯಾಸ ಇನ್ನೂ ದೊಡ್ಡದು. ನಮ್ಮ ಮಂಡಿನೋವಿಗೆ ಆಗಿಬರುವ ಡೈಕ್ಲೋಫೆನಾಕ್ ರಣಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿ ಕೊಲ್ಲುತ್ತದೆ ಎಂಬುದು 2004ರಲ್ಲಿ ಬಯಲಾಯಿತು. ಆ ಮದ್ದು ಕೊಟ್ಟಿದ್ದ ಜಾನುವಾರುಗಳ ಹೆಣ ತಿಂದೇ ನಮ್ಮ ದೇಶದ ರಣಹದ್ದುಗಳಲ್ಲಿ ಮೂರು ಜಾತಿಗಳು ಅಳಿವಿನಂಚಿಗೆ ಬಂದವು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ಭಾರತ ನಿಷೇಧಿಸಿತು.

ಮಕ್ಕಳು ಗಾತ್ರ ಕಡಿಮೆಯಾದ ದೊಡ್ಡವರಲ್ಲ. ಎಳೆಗೂಸಿನ ಯಕೃತ್ತು ಇನ್ನೂ ಪಳಗಿರುವುದಿಲ್ಲ. ದೊಡ್ಡವರ ಟೈಫಾಯ್ಡ್‌ಗೆ ವರವಾಗಿದ್ದ ಕ್ಲೋರಾಂಫೆನಿಕಾಲ್ ನವಜಾತ ಶಿಶುಗಳ ಮೈಯನ್ನು ಬೂದುಬಣ್ಣಕ್ಕೆ ತಿರುಗಿಸಿ ಪ್ರಾಣ ತೆಗೆದದ್ದು 1959ರಲ್ಲಿ ವರದಿಯಾಯಿತು. ಅವುಗಳ ಯಕೃತ್ತಿಗೆ ಆ ಮದ್ದನ್ನು ಒಡೆಯಲು ಬಾರದು. ಆದ್ದರಿಂದ ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಮಗುವಿಗೆ ಕೊಡುವ ಅಭ್ಯಾಸ ಬೇಡ. ಮಕ್ಕಳ ಪ್ರಮಾಣವನ್ನು ತೂಕ ನೋಡಿ ನಿರ್ಧರಿಸಬೇಕು.

ಹಿರಿಯರಲ್ಲಿ ಮೂತ್ರಪಿಂಡಗಳ ಶಕ್ತಿ ವಯಸ್ಸಿನೊಂದಿಗೆ ಕುಗ್ಗುತ್ತದೆ. ತೊಟ್ಟಿಯ ತೂತು ಕಿರಿದಾದಂತೆ. ಹತ್ತು ವರ್ಷಗಳಿಂದ ಒಗ್ಗಿದ್ದ ಪ್ರಮಾಣವೇ ಈಗ ಹೆಚ್ಚಾಗಬಹುದು. ಸಕ್ಕರೆ ಕಾಯಿಲೆಗೆ ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ತೆಗೆದುಕೊಳ್ಳುವ ಅಜ್ಜಿ, ಏಕಾದಶಿಯ ದಿನ ಉಪವಾಸವಿದ್ದು ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ತೊದಲು ಮಾತು, ಗೊಂದಲ ಇದರ ಲಕ್ಷಣ. ಎಚ್ಚರವಿದ್ದರೆ ಕೂಡಲೇ ಸಕ್ಕರೆ ನೀರು ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಉಪವಾಸದ ದಿನ ಮಾತ್ರೆಯನ್ನು ಏನು ಮಾಡಬೇಕೆಂದು ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ.

ಒಂದು ಮದ್ದು ಇನ್ನೊಂದಕ್ಕೆ ಎದುರಾದಾಗ

ಯಕೃತ್ತಿನ ಕಿಣ್ವಗಳ ಮೇಲೆ ಒಂದು ಔಷಧ ಬೀರುವ ಪ್ರಭಾವ ಇನ್ನೊಂದನ್ನು ಬಾಧಿಸುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಈ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಆಗ ಗರ್ಭನಿರೋಧಕ ಮಾತ್ರೆ ಬೇಗ ಒಡೆದುಹೋಗಿ, ದಿನವೂ ತಪ್ಪದೆ ನುಂಗಿದರೂ ಗರ್ಭ ನಿಲ್ಲಬಹುದು.

ಇದರ ವಿರುದ್ಧ ದಿಕ್ಕಿನ ಸಂಗತಿ ತಿಳಿದದ್ದು ಆಕಸ್ಮಿಕವಾಗಿ. ಫೆಲೋಡಿಪಿನ್ ಎಂಬ ರಕ್ತದೊತ್ತಡದ ಮದ್ದಿನ ಮೇಲೆ ಮದ್ಯದ ಪ್ರಭಾವವನ್ನು ಪರೀಕ್ಷಿಸುತ್ತಿದ್ದ ಕೆನಡಾದ ಸಂಶೋಧಕರು ಮದ್ಯದ ರುಚಿಯನ್ನು ಮುಚ್ಚಲು ಗ್ರೇಪ್‌ಫ್ರೂಟ್ ಹಣ್ಣಿನ ರಸ ಬೆರೆಸಿದ್ದರು. ರಕ್ತದಲ್ಲಿ ಮದ್ದಿನ ಮಟ್ಟ ಲೆಕ್ಕ ಮೀರಿ ಏರಿತು. ಆ ರಸ ಕರುಳಿನ ಗೋಡೆಯಲ್ಲಿರುವ ಕಿಣ್ವವನ್ನು ಕಟ್ಟಿಹಾಕುತ್ತದೆ ಎಂಬುದು ಆಮೇಲೆ ತಿಳಿಯಿತು. 1989ರಲ್ಲಿ ಇದು ಪ್ರಕಟವಾಯಿತು. ನಮ್ಮ ಚಕ್ಕೋತ ಈ ಹಣ್ಣಿನ ಹತ್ತಿರದ ಸಂಬಂಧಿ; ಅದರಲ್ಲೂ ಅದೇ ಬಗೆಯ ರಾಸಾಯನಿಕಗಳಿವೆ. ರಕ್ತದೊತ್ತಡ, ಕೊಲೆಸ್ಟರಾಲ್‌ಗೆ ಮಾತ್ರೆ ತೆಗೆದುಕೊಳ್ಳುವವರು ಚಕ್ಕೋತವನ್ನು ಹೆಚ್ಚಾಗಿ ತಿನ್ನುವ ಮುನ್ನ ವೈದ್ಯರನ್ನು ಕೇಳುವುದು ಲೇಸು.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಅಂಗಡಿಯಿಂದ ತಾವಾಗಿಯೇ ನೋವಿನ ಮಾತ್ರೆ ತಂದು ನುಂಗಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಅಪಾಯವಿದೆ. ನಾಟಿ ಔಷಧ, ಆಯುರ್ವೇದದ ಮದ್ದುಗಳೂ ಇದೇ ಯಕೃತ್ತು, ಇದೇ ಮೂತ್ರಪಿಂಡಗಳ ಮೂಲಕವೇ ಹೋಗಬೇಕು. ಅವನ್ನು ವೈದ್ಯರಿಂದ ಮುಚ್ಚಿಡಬೇಡಿ.

ಮನೆಮನೆಯ ಮಾತ್ರೆಯಿಂದ ಒಂದು ಎಚ್ಚರಿಕೆ

ಪ್ಯಾರಾಸಿಟಮಾಲ್ ಇಲ್ಲದ ಮನೆ ಇಲ್ಲ. ಸರಿಯಾದ ಪ್ರಮಾಣದಲ್ಲಿ ಅದು ಬಹಳ ಸುರಕ್ಷಿತ. ಯಕೃತ್ತು ಅದನ್ನು ಒಡೆಯುವಾಗ ಒಂದು ಸಣ್ಣ ಪಾಲು ವಿಷವಸ್ತುವಾಗಿ ಮಾರ್ಪಡುತ್ತದೆ. ಗ್ಲುಟಥಯೋನ್ ಎಂಬ ವಸ್ತು ಆ ವಿಷವನ್ನು ಕೂಡಲೇ ನಿರ್ಮೂಲ ಮಾಡುತ್ತದೆ. ಆದರೆ ಯಕೃತ್ತಿನಲ್ಲಿ ಇದರ ದಾಸ್ತಾನು ಮಿತವಾಗಿದೆ. ಮಾತ್ರೆ ಅತಿಯಾದರೆ ದಾಸ್ತಾನು ಬರಿದಾಗಿ ವಿಷ ಯಕೃತ್ತನ್ನೇ ಸುಡತೊಡಗುತ್ತದೆ.

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಗರಿಷ್ಠ ಮಿತಿ. 650 ಮಿಲಿಗ್ರಾಂ ಮಾತ್ರೆಯಾದರೆ ಆರಕ್ಕೇ ಅಲ್ಲಿಗೆ ತಲುಪಿದಂತೆ. ಮದ್ಯಪಾನಿಗಳಿಗೆ, ಯಕೃತ್ತಿನ ರೋಗವಿದ್ದವರಿಗೆ, ತೀರ ಕೃಶರಾದವರಿಗೆ ಮಿತಿ ಇನ್ನೂ ಕಡಿಮೆ. ಯಾರೂ ಬೇಕೆಂದೇ ಇಷ್ಟು ನುಂಗುವುದಿಲ್ಲ. ಜ್ವರಕ್ಕೆ ಒಂದು ಹೆಸರಿನ ಮಾತ್ರೆ, ನೆಗಡಿಗೆ ಇನ್ನೊಂದು, ಮೈಕೈ ನೋವಿಗೆ ಮತ್ತೊಂದು ಎಂದು ತೆಗೆದುಕೊಳ್ಳುವಾಗ, ಮೂರರಲ್ಲೂ ಪ್ಯಾರಾಸಿಟಮಾಲ್ ಇರುವುದು ಗಮನಕ್ಕೆ ಬರುವುದಿಲ್ಲ. ಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕು. ಅದರ ಸಿರಪ್ಪುಗಳಲ್ಲಿ 5 ಮಿ.ಲೀ.ಗೆ 120 ಮಿಲಿಗ್ರಾಂ ಇರುವುದೂ ಇದೆ, 250 ಮಿಲಿಗ್ರಾಂ ಇರುವುದೂ ಇದೆ. ಕೂಸುಗಳಿಗೆ ಹನಿಯಾಗಿ ಹಾಕುವ ಡ್ರಾಪ್ಸ್‌ನಲ್ಲಿ ಒಂದೊಂದು ಮಿ.ಲೀ.ಯಲ್ಲೇ 100 ಮಿಲಿಗ್ರಾಂ ಇರಬಹುದು. ಡ್ರಾಪ್ಸನ್ನು ಸಿರಪ್ಪೆಂದು ತಿಳಿದು ಒಂದು ಚಮಚ ಕುಡಿಸಿದರೆ ದೊಡ್ಡವರ ಮಾತ್ರೆಯಷ್ಟನ್ನು ಮಗುವಿಗೆ ಕೊಟ್ಟಂತಾಗುತ್ತದೆ.

ಈ ವಿಷದ ಕೆಟ್ಟ ಗುಣವೆಂದರೆ ಮೊದಲ ದಿನ ಹೆಚ್ಚೇನೂ ಕಾಣಿಸದಿರುವುದು. ವಾಕರಿಕೆ ಇರಬಹುದು, ಅದೂ ಇಲ್ಲದಿರಬಹುದು. ಯಕೃತ್ತು ಕೆಟ್ಟಿರುವುದು ಒಂದೆರಡು ದಿನಗಳ ಮೇಲೆ ತಿಳಿಯುತ್ತದೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದೆ. ನುಂಗಿದ 8 ಗಂಟೆಯೊಳಗೆ ಕೊಟ್ಟರೆ ಪರಿಣಾಮ ಅತ್ಯುತ್ತಮ. ಹೆಚ್ಚು ಮಾತ್ರೆ ಹೊಟ್ಟೆಗೆ ಹೋಗಿದೆ ಎಂಬ ಸಂಶಯ ಬಂದರೂ, ರೋಗಿ ಲವಲವಿಕೆಯಿಂದಿದ್ದರೂ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಖಾಲಿ ಪಟ್ಟಿಯನ್ನೋ ಸೀಸೆಯನ್ನೋ ಜೊತೆಗೆ ಒಯ್ಯಿರಿ.

ನೀವು ಪಾಲಿಸಬೇಕಾದದ್ದು

• ಮಾತ್ರೆಯ ವ್ಯಾಪಾರನಾಮದ ಕೆಳಗೆ ಸಣ್ಣ ಅಕ್ಷರಗಳಲ್ಲಿರುವ ಮೂಲ ಔಷಧದ ಹೆಸರನ್ನು ಓದಿ. ಒಂದೇ ಔಷಧ ಎರಡು ಹೆಸರಿನಲ್ಲಿ ಮನೆಗೆ ಬಂದಿದೆಯೇ ನೋಡಿ.

• ಒಂದು ಹೊತ್ತಿನ ಮಾತ್ರೆ ಮರೆತು ಸ್ವಲ್ಪ ತಡವಾಗಿ ನೆನಪಾದರೆ ಆಗಲೇ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರವಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ನುಂಗಬೇಡಿ. ಮೂರ್ಛೆರೋಗ, ಗರ್ಭನಿರೋಧಕ, ರಕ್ತ ತೆಳುಮಾಡುವ ಮಾತ್ರೆಗಳ ವಿಷಯದಲ್ಲಿ ಏನು ಮಾಡಬೇಕೆಂದು ಮುಂಚಿತವಾಗಿಯೇ ಕೇಳಿಡಿ.

• ಸಿರಪ್ಪನ್ನು ಅಡಿಗೆಮನೆಯ ಚಮಚದಲ್ಲಿ ಅಳೆಯಬೇಡಿ. ಸೀಸೆಯ ಜೊತೆ ಬರುವ ಅಳತೆಯ ಮುಚ್ಚಳ ಅಥವಾ ಸಿರಿಂಜನ್ನು ಬಳಸಿ.

• ಗುಣವಾಯಿತೆಂದು ನೀವಾಗಿ ನಿಲ್ಲಿಸಬೇಡಿ, ಗುಣವಾಗಲಿಲ್ಲವೆಂದು ನೀವಾಗಿ ಹೆಚ್ಚಿಸಲೂ ಬೇಡಿ. ಮಾತ್ರೆಯಿಂದ ತೊಂದರೆ ಕಂಡರೆ ವೈದ್ಯರಿಗೆ ತಿಳಿಸಿ.

• ಉಳಿದ ಆಂಟಿಬಯೋಟಿಕ್‌ಗಳನ್ನು ಮುಂದಿನ ಜ್ವರಕ್ಕೆಂದು ಎತ್ತಿಡಬೇಡಿ, ಬಂಧುಗಳಿಗೆ ಹಂಚಬೇಡಿ.

• ವೈದ್ಯರ ಬಳಿ ಹೋಗುವಾಗ ಮನೆಯ ಹಿರಿಯರು ತೆಗೆದುಕೊಳ್ಳುವ ಎಲ್ಲ ಔಷಧಗಳನ್ನೂ, ನಾಟಿ ಮದ್ದು, ಟಾನಿಕ್ ಸಹಿತ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಬಹಳ ಸಲ ಒಂದೆರಡು ಮಾತ್ರೆಗಳು ಅಲ್ಲೇ ಕಡಿಮೆಯಾಗುತ್ತವೆ.

ಮುಂದಿನ ಸಲ ಚೀಟಿಯಲ್ಲಿ 1-0-1 ಎಂದು ಕಂಡಾಗ ವೈದ್ಯರನ್ನು ಎರಡು ಪ್ರಶ್ನೆ ಕೇಳಿ: ಇದನ್ನು ಯಾವ ಹೊತ್ತಿಗೆ, ಯಾವುದರ ಜೊತೆ ತೆಗೆದುಕೊಳ್ಳಬೇಕು? ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು? ಉತ್ತರವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿಡಿ. ಮಾತ್ರೆ ಕೊಡುವವರು ಮನೆಯಲ್ಲಿ ಯಾರೇ ಆದರೂ ಅದನ್ನು ಓದಿಕೊಂಡು ಕೊಡಲಿ.